ಪದಕ್ಕೆ ಇಷ್ಟು ಎಂದು

ನನ್ನ ಕಸುಬು ಭಾಷಾಂತರ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡಕ್ಕೆ ಇಳಿಸಿ, ಅದರ ಕೂಲಿಯಲ್ಲಿ ಸಂಸಾರ ನಡೆಸಲು ತೊಡಗಿ ಮೂವತ್ತು ವರ್ಷಕ್ಕೆ ಮೇಲಾಯಿತು. ಮದುವೆಮನೆಯಲ್ಲಿ ಪಕ್ಕದ ಎಲೆಯವರು ‘ತಾವು ಏನು ಮಾಡಿಕೊಂಡಿದ್ದೀರಿ?’ ಎಂದು ಕೇಳಿ, ನಾನು ಈ ಉತ್ತರ ಕೊಟ್ಟರೆ, ಹಿಂದೆಲ್ಲ ಅವರ ಮುಂದಿನ ಪ್ರಶ್ನೆ ‘ಓಹೋ, ಯಾವ ಕಾದಂಬರಿ?’ ಎಂದಿರುತ್ತಿತ್ತು. ಎರಡು ಮೂರು ವರ್ಷದಿಂದ ಈ ಪ್ರಶ್ನೆ ಬದಲಾಗಿದೆ. ‘ಹೌದೆ? ಅದನ್ನು ಇನ್ನೂ ಮನುಷ್ಯರು ಮಾಡುತ್ತಾರೆಯೆ?’ ಎನ್ನುತ್ತಾರೆ. ಆ ಮಾತಿನಲ್ಲಿ ಕೊಂಕಿರುವುದಿಲ್ಲ. ಪೇಟೆಯಲ್ಲಿ ಜಟಕಾ ಇಟ್ಟುಕೊಂಡವನನ್ನು ವಿಚಾರಿಸಿಕೊಳ್ಳುವಂಥ ಮರುಕ, ಅಷ್ಟೆ. ಪಾಯಸ ಬರುವ ಹೊತ್ತಿಗೆ ಜೇಬಿನಿಂದ ಮೊಬೈಲು ತೆಗೆದು, ಒಂದು ಇಂಗ್ಲಿಷ್ ವಾಕ್ಯವನ್ನು ಕನ್ನಡ ಮಾಡಿ ತೋರಿಸಿಯೂ ಬಿಡುತ್ತಾರೆ, ಅದೂ ಎಡಗೈಯಲ್ಲಿ.

ನಾನು ಕಾದಂಬರಿಯನ್ನು ಎಂದೂ ಅನುವಾದಿಸಿದವನಲ್ಲ. ಆದರೂ ನೀವು ನನ್ನನ್ನು ಓದಿರುವ ಸಂಭವವಿದೆ. ಔಷಧದ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕುಳಿತಿರುವ ತೆಳು ಕಾಗದ, ಶಸ್ತ್ರಚಿಕಿತ್ಸೆಗೆ ಮುಂಚೆ ಆಸ್ಪತ್ರೆಯವರು ಮುಂದೆ ಹಿಡಿಯುವ ಒಪ್ಪಿಗೆ ಪತ್ರ, ವಿಮೆಯ ಷರತ್ತುಗಳು, ಪಂಪ್‌ಸೆಟ್ಟಿನ ಜೊತೆಗೆ ಬರುವ ಕೈಪಿಡಿ, ಬ್ಯಾಂಕಿನ ಸಾಲದ ಅರ್ಜಿ — ಇವೇ ನನ್ನ ಕೃತಿಗಳು. ಇವುಗಳನ್ನು ಸಂತೋಷಕ್ಕಾಗಿ ಓದಿದವರು ಯಾರೂ ಇಲ್ಲ. ಓದದೆಯೇ ರುಜು ಹಾಕಿದವರು ಲಕ್ಷಗಟ್ಟಲೆ ಇದ್ದಾರೆ. ಓದಿದವರು ಬಹುಶಃ ಕಷ್ಟದಲ್ಲಿ ಓದಿದ್ದಾರೆ: ರಾತ್ರಿ ಎರಡು ಗಂಟೆಗೆ, ಮಗುವಿನ ಮೈ ಕಾದಿರುವಾಗ, ಎಷ್ಟು ಚಮಚ ಕುಡಿಸಬೇಕು ಎಂದು ಹುಡುಕುತ್ತ. ನಮ್ಮ ಸಾಹಿತ್ಯಕ್ಕೆ ವಿಮರ್ಶೆ ಇಲ್ಲ, ಮರುಮುದ್ರಣ ಮಾತ್ರ ಧಾರಾಳವಾಗಿದೆ.

ಈ ಕಸುಬಿನಲ್ಲಿ ಕೂಲಿ ಪದದ ಲೆಕ್ಕ. ಯಾವ ಭಾಷೆಯ ಪದ ಎಂದು ನೀವು ಕೇಳಬಹುದು. ಕೇಳಲೇಬೇಕು, ಏಕೆಂದರೆ ನಮ್ಮ ಬದುಕೆಲ್ಲ ಆ ಪ್ರಶ್ನೆಯ ಮೇಲೆ ನಿಂತಿದೆ. ಇಂಗ್ಲಿಷಿನವನು ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಇಟ್ಟುಕೊಂಡು ಬರುತ್ತಾನೆ. ನಾವು ‘ಹೋಗಬೇಕಾಗಿತ್ತಲ್ಲವೆ’ ಎಂದು ಒಂದೇ ಉಸಿರಿಗೆ ಪೋಣಿಸಿಬಿಡುತ್ತೇವೆ. ಅವನಿಗೆ ನಾಲ್ಕೈದು ಪದವಾಗುವುದು ನಮಗೆ ಒಂದು. ಕನ್ನಡದ ಪದ ಎಣಿಸಿ ಕೂಲಿ ಕೊಟ್ಟಿದ್ದರೆ ಕನ್ನಡದ ಭಾಷಾಂತರಕಾರರು ಎಂದೋ ಬೇರೆ ಕೆಲಸ ನೋಡಿಕೊಂಡಿರುತ್ತಿದ್ದರು, ಇಲ್ಲವೆ ಸಂಧಿಸಮಾಸಗಳನ್ನೆಲ್ಲ ಬಿಡಿಸಿ ಬರೆದು ಭಾಷೆಯನ್ನೇ ಕೆಡಿಸಿರುತ್ತಿದ್ದರು. ದೇವರು ದೊಡ್ಡವನು, ಮೂಲದ ಪದ ಎಣಿಸುವ ಪದ್ಧತಿ ಬೆಳೆದುಬಂತು. ಮದುವೆಯಾದ ಹೊಸದರಲ್ಲಿ ಈ ಲೆಕ್ಕವನ್ನು ನಮ್ಮ ಮನೆಯಾಕೆಗೆ ವಿವರಿಸಿದೆ. ‘ಮಾತಿಗೆ ಇಷ್ಟು ಅಂತ ದುಡ್ಡೇ? ಹಾಗಾದರೆ ನೀವು ಮನೆಯಲ್ಲಿ ಬಾಯಿ ಬಿಡದೆ ಇರೋದು ಜಿಪುಣತನ ಅನ್ನಿ’ ಎಂದಳು.

ನಾನು ಕೆಲಸ ಕಲಿತದ್ದು ಗಾಂಧಿನಗರದ ಒಂದು ಮಹಡಿಯ ಮೇಲೆ. ಎರಡು ಮೇಜು, ಒಂದು ಟೈಪ್‌ರೈಟರು, ಗೋಡೆಯ ಉದ್ದಕ್ಕೂ ನಿಘಂಟು. ಅಲ್ಲಿನ ಹಿರಿಯರನ್ನು ಎಲ್ಲರೂ ‘ಮೇಷ್ಟ್ರು’ ಎನ್ನುತ್ತಿದ್ದರು. ಅವರು ನಿಘಂಟನ್ನು ಅಷ್ಟಾಗಿ ನಂಬುತ್ತಿರಲಿಲ್ಲ. ಪಂಪ್‌ಸೆಟ್ಟಿನ ಕೈಪಿಡಿ ಬಂತೆಂದರೆ, ‘ಎಸ್. ಪಿ. ರೋಡಿಗೆ ಹೋಗಿ ಬಾರಯ್ಯ. ಪಂಪು ಬಿಚ್ಚುವವನ ಹತ್ತಿರ ಒಂದು ಗಂಟೆ ಕುಳಿತುಕೋ. ಅವನು ಅದಕ್ಕೆ ಏನಂತಾನೆ ಕೇಳು’ ಎಂದು ಕಳಿಸುತ್ತಿದ್ದರು. ಅವನು ಫುಟ್‌ವಾಲ್ವನ್ನು ಫುಟ್‌ವಾಲ್ವ್ ಎಂದೇ ಅನ್ನುತ್ತಿದ್ದ. ಆದರೆ ಅದರಲ್ಲಿ ಕಸ ಸಿಕ್ಕಿಕೊಂಡು ನೀರು ಇಳಿದುಹೋಗುವುದಕ್ಕೆ ‘ನೀರು ಬಿಟ್ಟುಕೊಡುತ್ತೆ’ ಎನ್ನುತ್ತಿದ್ದ. ಮೇಷ್ಟ್ರಿಗೆ ಬೇಕಾಗಿದ್ದದ್ದು ಅದು. ‘ನಾಮಪದವನ್ನು ಯಾರು ಬೇಕಾದರೂ ಕೊಡ್ತಾರೆ ಕಣಯ್ಯ. ಕ್ರಿಯಾಪದಕ್ಕೆ ಅಲೆಯಬೇಕು’ ಎನ್ನುವರು. ಬರೆದು ಮುಗಿದ ಮೇಲೆ ಕೆಳಗಿನ ಕಾಫಿ ಹೋಟೆಲಿನ ಮಾಣಿಯನ್ನು ಕರೆಸಿ ಓದಿ ಹೇಳುವುದು ಇನ್ನೊಂದು ಪದ್ಧತಿ. ಅವನಿಗೆ ತಿಳಿದರೆ ಮುದ್ರಣಕ್ಕೆ. ಅವನು ತಲೆ ಕೆರೆದುಕೊಂಡರೆ ಮತ್ತೆ ಮೇಜಿಗೆ. ಆ ಹುಡುಗ ದಿನಕ್ಕೆರಡು ಸಲ ವಿಮೆಯ ಷರತ್ತುಗಳನ್ನು ಕೇಳಿ ಕೇಳಿ ಕೊನೆಗೆ ತಾನೇ ಒಂದು ಪಾಲಿಸಿ ಮಾಡಿಸಿದ.

ಯಂತ್ರ ಅನುವಾದ ಮಾಡುತ್ತದೆ ಎಂಬ ಸುದ್ದಿ ಹೊಸದಲ್ಲ. ೧೯೫೪ರ ಜನವರಿ ೭ರಂದು ನ್ಯೂಯಾರ್ಕಿನಲ್ಲಿ ಐಬಿಎಂ ಕಂಪೆನಿಯವರೂ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರೂ ಸೇರಿ ಗಣಕಯಂತ್ರದಿಂದ ಅರವತ್ತಕ್ಕೆ ಮಿಕ್ಕಿದ ರಷ್ಯನ್ ವಾಕ್ಯಗಳನ್ನು ಇಂಗ್ಲಿಷ್ ಮಾಡಿಸಿ ತೋರಿಸಿದರು. ಯಂತ್ರಕ್ಕೆ ಗೊತ್ತಿದ್ದುದು ೨೫೦ ಶಬ್ದ, ಆರು ನಿಯಮ. ಇನ್ನು ಮೂರರಿಂದ ಐದು ವರ್ಷದಲ್ಲಿ ಮುಖ್ಯ ಸಮಸ್ಯೆಗಳೆಲ್ಲ ಬಗೆಹರಿಯುತ್ತವೆ ಎಂಬ ಭರವಸೆಯ ಮಾತೂ ಆಗ ಕೇಳಿಬಂತು. ಹನ್ನೆರಡು ವರ್ಷ ಕಳೆದ ಮೇಲೆ, ೧೯೬೬ರಲ್ಲಿ, ಅಮೆರಿಕದ ಸರ್ಕಾರ ನೇಮಿಸಿದ್ದ ಸಮಿತಿ ವರದಿ ಕೊಟ್ಟಿತು: ಯಂತ್ರದ ಅನುವಾದ ಮನುಷ್ಯರದಕ್ಕಿಂತ ನಿಧಾನ, ಹೆಚ್ಚು ತಪ್ಪು, ಮೇಲಾಗಿ ದುಬಾರಿ. ಆ ವರದಿಯಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಬರ್ಟ್ ಬೇಯರ್ ಎಂಬವರ ಸಾಕ್ಷ್ಯವಿದೆ. ರಷ್ಯನ್ ವಿಜ್ಞಾನ ಪತ್ರಿಕೆಗಳನ್ನು ಭಾಷಾಂತರಿಸಿ ಬಲ್ಲವರು ಅವರು. ಯಂತ್ರ ಕೊಟ್ಟದ್ದನ್ನು ತಿದ್ದುವುದಕ್ಕೆ, ತಾವೇ ಮೊದಲಿನಿಂದ ಅನುವಾದಿಸಲು ಬೇಕಾಗುವಷ್ಟು ಹೊತ್ತಾದರೂ ಹಿಡಿಯಿತು ಎಂದು ಹೇಳಿದ್ದಾರೆ. ಆ ಪುಣ್ಯಾತ್ಮರ ಮಾತನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣವೆನ್ನಿಸುತ್ತದೆ.

ನನ್ನ ಮೇಜಿಗೆ ಯಂತ್ರ ಬಂದದ್ದು ಮೊದಲು ನೆನಪಿನ ಪೆಟ್ಟಿಗೆಯ ರೂಪದಲ್ಲಿ. ನಾವು ಅನುವಾದಿಸಿದ ಒಂದೊಂದು ವಾಕ್ಯವನ್ನೂ ಅದರ ಮೂಲದ ಜೊತೆಗೆ ಜೋಡಿಮಾಡಿ ಕೂಡಿಹಾಕುವ ತಂತ್ರಾಂಶ ಅದು. ಅದೇ ವಾಕ್ಯ ಮತ್ತೆ ಬಂದರೆ ಹಳೆಯದನ್ನು ತಾನೇ ಎತ್ತಿಕೊಡುತ್ತದೆ. ಬಹಳ ಅನುಕೂಲವಾಯಿತು ಎಂದುಕೊಂಡೆವು. ತಿಂಗಳ ಕೊನೆಗೆ ಲೆಕ್ಕ ಬಂದಾಗ ಅನುಕೂಲ ಯಾರಿಗೆ ಎಂದು ತಿಳಿಯಿತು. ಪೂರಾ ಹೊಂದುವ ವಾಕ್ಯಕ್ಕೆ ಕೂಲಿ ಇಲ್ಲ; ಮುಕ್ಕಾಲು ಹೊಂದಿದರೆ ಅರ್ಧ ಕೂಲಿ. ನಾನೇ ಹೋದ ವರ್ಷ ಬರೆದ ವಾಕ್ಯ ಈ ವರ್ಷ ನನ್ನ ಬಿಲ್ಲಿನ ವಿರುದ್ಧ ಸಾಕ್ಷಿ ಹೇಳತೊಡಗಿತು.

ಆಮೇಲೆ ೨೦೧೧ರಲ್ಲಿ ಗೂಗಲ್ಲಿನ ಅನುವಾದದ ಪಟ್ಟಿಗೆ ಕನ್ನಡವೂ ಸೇರಿತು. ಆ ಕಾಲದ ಯಂತ್ರಾನುವಾದ ನಮಗೆ ವಿನೋದದ ವಸ್ತು. ‘ಅವನು ಕೈ ಕೊಟ್ಟ’ ಎಂದರೆ ಯಂತ್ರ ಅವನ ಕೈಯನ್ನೇ ಕೊಡಿಸಿಬಿಡುತ್ತಿತ್ತು. ೨೦೧೭ರ ಹೊತ್ತಿಗೆ ನಗು ಕಡಿಮೆಯಾಯಿತು. ನರಜಾಲವೆಂಬ ಹೊಸ ವಿಧಾನ ಕನ್ನಡಕ್ಕೂ ಬಂತು. ಯಂತ್ರ ಪದಪುಂಜಗಳನ್ನು ತೇಪೆ ಹಚ್ಚುವುದನ್ನು ಬಿಟ್ಟು ವಾಕ್ಯವನ್ನು ಇಡಿಯಾಗಿ ಹಿಡಿಯಲು ಕಲಿಯಿತು. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಮೇಲಂತೂ, ಕೃತಕ ಬುದ್ಧಿಮತ್ತೆಯ ಹೆಸರು ಕೇಳದ ಮನೆಯೇ ಇಲ್ಲ. ಈಗ ನಗಬೇಕಾದರೆ ಹುಡುಕಬೇಕು.

ಈ ವಿದ್ಯೆಯನ್ನು ಯಂತ್ರ ಎಲ್ಲಿ ಕಲಿಯಿತು? ವ್ಯಾಕರಣ ಹೇಳಿಕೊಟ್ಟವರು ಸೋತರು. ಗೆದ್ದವರು ಭಾಷಾಂತರಕಾರರ ಹಳೆಯ ಕಾಗದಗಳನ್ನು ಯಂತ್ರದ ಮುಂದೆ ರಾಶಿ ಹಾಕಿದವರು. ಕೆನಡಾದ ಸಂಸತ್ತಿನ ನಡವಳಿಕೆಗಳು ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಇರಬೇಕೆಂಬ ಕಟ್ಟಳೆಯಿದೆ. ಐಬಿಎಂನ ಸಂಶೋಧಕರು ೧೯೮೦ರ ದಶಕದ ಕೊನೆಯ ಹೊತ್ತಿಗೆ ಆ ಕಡತಗಳನ್ನೇ ಪಠ್ಯಪುಸ್ತಕ ಮಾಡಿಕೊಂಡರು. ನಮ್ಮಲ್ಲಿಯೂ ೨೦೨೧ರಲ್ಲಿ ಮದರಾಸಿನ ಐಐಟಿಯ ಸಂಶೋಧಕರೇ ಮೊದಲಾದವರು ‘ಸಮಾನಂತರ್’ ಎಂಬ ಸಂಗ್ರಹವನ್ನು ಹೊರತಂದರು. ಕನ್ನಡವೂ ಸೇರಿ ಹನ್ನೊಂದು ಭಾರತೀಯ ಭಾಷೆಗಳಿಗೆ ಇಂಗ್ಲಿಷಿನ ಜೊತೆ ನಾಲ್ಕು ಕೋಟಿಗೂ ಮಿಕ್ಕಿದ ವಾಕ್ಯಜೋಡಿಗಳು ಅದರಲ್ಲಿವೆ. ಅದು ಒಳ್ಳೆಯ ಕೆಲಸ, ಬಚ್ಚಿಡದೆ ಎಲ್ಲರಿಗೂ ಕೊಟ್ಟ ಕೆಲಸ; ನನ್ನ ತಕರಾರಿಲ್ಲ. ಆದರೆ ಇಂಥ ರಾಶಿಗಳಲ್ಲಿ ಎಷ್ಟೋ ವಾಕ್ಯಗಳನ್ನು ಯಾವನೋ ಒಬ್ಬ, ಯಾವುದೋ ಕಚೇರಿಯ ಮೂಲೆಯಲ್ಲಿ, ಪದಕ್ಕೆ ಇಷ್ಟು ಎಂದು ಎಣಿಸಿ ಬರೆದಿದ್ದಾನೆ ಎಂಬುದು ನಿಜ. ದ್ರೋಣರು ಪಾಠ ಹೇಳದೆಯೇ ಹೆಬ್ಬೆರಳು ಕೇಳಿದರು. ಇಲ್ಲಿ ಪಾಠ ಹೇಳಿದವನದೇ ಹೆಬ್ಬೆರಳು ಹೋಗಿದೆ.

ಈಗ ನನಗೆ ಬರುವ ಕೆಲಸಕ್ಕೆ ಅನುವಾದ ಎಂಬ ಹೆಸರಿಲ್ಲ. ‘ತಿದ್ದುವ ಕೆಲಸ’ ಎನ್ನುತ್ತಾರೆ. ಇಂಗ್ಲಿಷ್ ಎಡಗಡೆ, ಯಂತ್ರದ ಕನ್ನಡ ಬಲಗಡೆ, ನಡುವೆ ನಾನು. ಪದಕ್ಕೆ ಒಂದೂವರೆ ರೂಪಾಯಿ ಇದ್ದದ್ದು ನಲವತ್ತು ಪೈಸೆಯಾಗಿದೆ. ‘ಮುಕ್ಕಾಲುಪಾಲು ಕೆಲಸ ಮುಗಿದೇ ಇದೆಯಲ್ಲ ಸಾರ್, ಸುಮ್ಮನೆ ಒಂದು ಕಣ್ಣು ಹಾಯಿಸಿ’ ಎಂದು ಏಜೆನ್ಸಿಯ ಹುಡುಗ ಫೋನಿನಲ್ಲಿ ಬಹಳ ವಿನಯದಿಂದ ಹೇಳಿದ. ಅವನದೂ ತಪ್ಪಲ್ಲ. ಅವನ ಮೇಲಿನವರು ಅವನಿಗೆ ಹಾಗೆ ಹೇಳಿರುತ್ತಾರೆ.

ಕಣ್ಣು ಹಾಯಿಸುವುದು ಎಂಬ ಮಾತಿನಲ್ಲಿಯೇ ಇರುವುದು ಗುಟ್ಟು. ಯಂತ್ರದ ಹಳೆಯ ಕನ್ನಡ ಕಲ್ಲುಮುಳ್ಳಿನ ದಾರಿ. ಎಲ್ಲಿ ಎಡವುತ್ತೇವೆಂದು ಕಾಲಿಗೆ ತಿಳಿಯುತ್ತಿತ್ತು. ಹೊಸ ಕನ್ನಡ ಪಾಚಿ ಕಟ್ಟಿದ ಮೆಟ್ಟಿಲಿನಂತೆ ನಯವಾಗಿದೆ. ಹೋದ ವರ್ಷ ಸ್ಟೀರಾಯ್ಡ್ ಮಾತ್ರೆಯ ಕಾಗದವೊಂದು ಬಂತು. ಆರಾಮವೆನಿಸಿದರೂ ವೈದ್ಯರು ಹೇಳುವವರೆಗೆ ಮಾತ್ರೆ ನಿಲ್ಲಿಸಬೇಡಿ ಎಂಬುದು ಮೂಲ. ಬಲಗಡೆ, ನಿಮಗೆ ಆರಾಮವೆನಿಸಿದಲ್ಲಿ ವೈದ್ಯರು ಹೇಳದಿದ್ದರೂ ಮಾತ್ರೆಯನ್ನು ನಿಲ್ಲಿಸಬಹುದು ಎಂದಿತ್ತು. ಎಷ್ಟು ಸೊಗಸಾದ ವಾಕ್ಯ ನೋಡಿ! ಕಿವಿಗೆ ಎಲ್ಲಿಯೂ ತೊಡರುವುದಿಲ್ಲ. ಇಂಗ್ಲಿಷಿನ ನಿಷೇಧ ಮಾತ್ರ ನಡುದಾರಿಯಲ್ಲಿ ಎಲ್ಲೋ ಇಳಿದುಹೋಗಿದೆ. ಬಹುದಿನ ತೆಗೆದುಕೊಂಡ ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು ಎಂದು ಯಾವ ವೈದ್ಯರಾದರೂ ಹೇಳುತ್ತಾರೆ. ಅದನ್ನು ನಾನು ಹಿಡಿದದ್ದು ಎಡಗಡೆಯದನ್ನು ಒಂದೊಂದು ಪದವಾಗಿ ಬೆರಳಿಟ್ಟು ಓದಿದ್ದರಿಂದ. ಹಾಗೆ ಓದುವುದಾದರೆ, ಬೇಯರ್ ಸಾಹೇಬರು ಹೇಳಿದಂತೆ, ಪೂರ್ತಿ ಅನುವಾದದ ಹೊತ್ತೇ ಹಿಡಿಯುತ್ತದೆ. ಹೊತ್ತು ಪೂರ್ತಿ, ಕೂಲಿ ನಲವತ್ತು ಪೈಸೆ. ಕೂಲಿಗೆ ತಕ್ಕಷ್ಟೇ ಓದಿದರೆ ಆ ‘ಬೇಡಿ’ ಹೋದದ್ದು ಹೋಗೇ ಬಿಡುತ್ತದೆ.

ಇದು ಮೂಲೆಯಲ್ಲಿ ಕುಳಿತ ನನ್ನೊಬ್ಬನ ಗೊಣಗಾಟವೆಂದು ತಿಳಿಯಬೇಡಿ. ೨೦೨೫ರ ಜುಲೈ ೧೪ರಂದು ಹಿರಿಯ ನಟಿ ಬಿ. ಸರೋಜಾದೇವಿಯವರು ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಅಂತಿಮ ದರ್ಶನ ಪಡೆದ ಸುದ್ದಿ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬಂತು. ಅಲ್ಲಿನ ಯಂತ್ರ ತಾನಾಗಿಯೇ ಮಾಡಿದ ಇಂಗ್ಲಿಷಿನಲ್ಲಿ ತೀರಿಕೊಂಡವರು ಮುಖ್ಯಮಂತ್ರಿಯೇ ಎಂದಾಗಿತ್ತು! ಅವರ ಕಚೇರಿಯಿಂದ ಮೆಟಾ ಸಂಸ್ಥೆಗೆ ಕಾಗದ ಹೋಯಿತು. ಸಂಸ್ಥೆ ಕ್ಷಮೆ ಕೇಳಿ, ದೋಷವನ್ನು ಸರಿಪಡಿಸಿದ್ದೇವೆ ಎಂದು ಹೇಳಿತು. ಊರೆಲ್ಲ ನಕ್ಕಿತು. ನನಗೆ ನಗುವಿಗಿಂತ ಆ ವಾಕ್ಯದ ಮೇಲೆ ಕುತೂಹಲ ಹುಟ್ಟಿತು. ‘ರಾಯರು ನಿನ್ನೆ ಊರಿಂದ ಬಂದ ತಂಗಿಯನ್ನು ನೋಡಲು ಹೋದರು’ ಎನ್ನುತ್ತೇವೆ. ಊರಿಂದ ಬಂದವರು ಯಾರು? ತಂಗಿ. ಇದರಲ್ಲಿ ಯಾವ ಕನ್ನಡಿಗನಿಗೂ ಸಂಶಯವಿಲ್ಲ. ‘ಬಂದ’ ಎಂಬ ಮಾತು ಹಿಂದಕ್ಕೆ ನೋಡುವುದಿಲ್ಲ, ಮುಂದೆ ಬರುವವರಿಗಾಗಿ ಬಾಗಿಲಲ್ಲಿ ಕಾದು ನಿಂತಿರುತ್ತದೆ. ಇಂಗ್ಲಿಷಿನ ಸಹವಾಸದಲ್ಲಿ ಬೆಳೆದ ಯಂತ್ರ, ಆ ಕಾಯುವಿಕೆ ತಿಳಿಯದೆ ಹತ್ತಿರವಿದ್ದ ರಾಯರ ಕೊರಳಿಗೆ ಗಂಟುಹಾಕಿಬಿಟ್ಟಿತೆಂದು ಕಾಣುತ್ತದೆ. ಮುಖ್ಯಮಂತ್ರಿಗಳಾದ್ದರಿಂದ ಆ ತಪ್ಪು ಪತ್ರಿಕೆಯಲ್ಲಿ ಬಂತು. ಔಷಧದ ಡಬ್ಬಿಯೊಳಗಿನ ಕಾಗದಕ್ಕೆ ಮಾಧ್ಯಮ ಸಲಹೆಗಾರರು ಯಾರಿದ್ದಾರೆ?

ತಿದ್ದುವ ಕೆಲಸದಲ್ಲಿ ಇನ್ನೊಂದು ಕೇಡಿದೆ. ಅದನ್ನು ಹೇಳಿದರೆ ನಂಬುವವರು ಕಡಿಮೆ. ಬೇರೆಯವರು ಶ್ರುತಿ ಹಿಡಿದ ಮೇಲೆ ನಮ್ಮ ಶ್ರುತಿ ಕಿವಿಗೆ ಬಾರದು. ‘ನಿಮ್ಮ ಕೈಗಳನ್ನು ತೊಳೆಯಿರಿ’ ಎಂದು ಬಲಗಡೆ ಇರುತ್ತದೆ. ತಪ್ಪೇನಿಲ್ಲ. ಆದರೆ ನಮ್ಮ ಅಜ್ಜಿಯಂದಿರಲ್ಲಿ ಯಾರೂ ಹಾಗೆ ಹೇಳಿದವರಲ್ಲ. ‘ಕೈ ತೊಳೆದುಕೊಳ್ಳಿ’ ಎಂದವರು. ಕೈ ನಮ್ಮದೇ ಎಂಬುದನ್ನು ಆ ‘ಕೊಳ್ಳಿ’ಯೇ ಹೇಳುತ್ತದೆ. ಇಂಥದು ಪುಟಕ್ಕೆ ಹತ್ತು ಬಂದರೆ ಮೊದಲ ಪುಟದಲ್ಲಿ ಹತ್ತನ್ನೂ ತಿದ್ದುತ್ತೀರಿ. ಇಪ್ಪತ್ತನೆಯ ಪುಟದ ಹೊತ್ತಿಗೆ ನೀವೇ ನಿಮ್ಮ ಕೈಗಳನ್ನು ತೊಳೆಯತೊಡಗಿರುತ್ತೀರಿ. ಯಂತ್ರದ ಎಲ್ಲ ಪಾಪವನ್ನೂ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ‘ಮಾಡಲಾಗುತ್ತದೆ’, ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಕರ್ತೃವಿಲ್ಲದ ಕನ್ನಡವನ್ನು ಅದು ನಮ್ಮ ಕಚೇರಿಗಳಿಂದಲೇ ಕಲಿತದ್ದು. ಯಾರು ಮಾಡುತ್ತಾರೆಂದು ಹೇಳದೆ ಮಾಡಲಾಗುವ ಕೆಲಸ ಸರ್ಕಾರಕ್ಕೆ ಮೊದಲಿನಿಂದಲೂ ಪ್ರಿಯ.

ಯಂತ್ರದಿಂದ ಉಪಕಾರವಾಗಿಲ್ಲವೆ? ಆಗಿದೆ. ನಮ್ಮ ರಾಜಾಜಿನಗರದ ಬೀದಿಯ ಕೊನೆಯಲ್ಲಿ ಹೊಸ ಕಟ್ಟಡಕ್ಕೆ ಕಾವಲಿರುವ ಹುಡುಗ ಅಸ್ಸಾಮಿನವನು. ಸೊಪ್ಪಿನ ಗಾಡಿಯಾಕೆ ಮಾಗಡಿ ಕಡೆಯವಳು. ಬೆಳಿಗ್ಗೆ ಇಬ್ಬರೂ ಒಂದು ಮೊಬೈಲಿಗೆ ಸರದಿಯ ಮೇಲೆ ಮಾತಾಡಿ ದಂಟಿನ ಸೊಪ್ಪಿನ ಬೆಲೆ ಇತ್ಯರ್ಥ ಮಾಡಿಕೊಳ್ಳುತ್ತಾರೆ. ಅವನ ತಾಯಿಗೆ ಮಂಡಿನೋವು ಎಂಬುದೂ ಆ ದಾರಿಯಲ್ಲಿಯೇ ಆಕೆಗೆ ತಿಳಿದು, ನುಗ್ಗೆಸೊಪ್ಪಿನ ಒಂದು ಉಪಾಯವನ್ನು ಆಕೆ ಅಸ್ಸಾಮಿಗೆ ಕಳಿಸಿದ್ದಾಳೆ. ಅಲ್ಲಿ ಭಾಷಾಂತರಕಾರನೊಬ್ಬನನ್ನು ಗೊತ್ತುಮಾಡಿಕೊಳ್ಳುವ ಪ್ರಮೇಯ ಎಂದೂ ಇರಲಿಲ್ಲ. ಯಂತ್ರ ಯಾರ ಅನ್ನವನ್ನೂ ಕಸಿದಿಲ್ಲ. ತಪ್ಪಾದರೆ ಇಬ್ಬರೂ ಎದುರಿಗೇ ಇದ್ದಾರೆ, ಕೈಸನ್ನೆ ಉಂಟು. ಆ ಮೊಬೈಲಿಗೆ ನಾನು ಕೈ ಮುಗಿಯುತ್ತೇನೆ. ಓದುವವನು ಎದುರಿಗಿಲ್ಲದ ಕಡೆ, ತಿರುಗಿ ಕೇಳಲು ಅವನಿಗೆ ಯಾರೂ ಇಲ್ಲದ ಕಡೆ ನನ್ನ ಭಯವಿರುವುದು.

ನನ್ನನ್ನು ಸಮಾಧಾನ ಮಾಡಬಂದ ಗೆಳೆಯರು ಬೂಕರ್ ಬಹುಮಾನದ ಮಾತೆತ್ತುತ್ತಾರೆ. ೨೦೨೫ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂತಲ್ಲ, ಐವತ್ತು ಸಾವಿರ ಪೌಂಡಿನಲ್ಲಿ ಲೇಖಕಿಗೆ ಅರ್ಧ, ಅನುವಾದಕಿ ದೀಪಾ ಭಾಸ್ತಿಯವರಿಗೆ ಅರ್ಧ. ‘ನೋಡಿ, ಭಾಷಾಂತರಕಾರರಿಗೆ ಇಂಥ ಕಾಲ ಹಿಂದೆ ಇತ್ತೆ?’ ಎನ್ನುತ್ತಾರೆ. ಇರಲಿಲ್ಲ. ಆ ಸುದ್ದಿ ಕೇಳಿದ ದಿನ ನಾನೂ ಮನೆಯಲ್ಲಿ ಹೋಳಿಗೆ ಮಾಡಿಸಿದೆ. ಆದರೆ ಸಾಹಿತ್ಯದ ಅನುವಾದ ನಮ್ಮಲ್ಲಿ ಯಾರ ಹೊಟ್ಟೆಯನ್ನೂ ಹೊರೆದದ್ದಲ್ಲ. ಬಂಗಾಳಿಯನ್ನು ಕಲಿತು ಬಂಕಿಮಚಂದ್ರರನ್ನು ನಮ್ಮ ಮನೆಯವರನ್ನಾಗಿ ಮಾಡಿದ ಬಿ. ವೆಂಕಟಾಚಾರ್ಯರು ನ್ಯಾಯಾಂಗದ ಕೆಲಸದಲ್ಲಿದ್ದವರು. ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ.ಶ್ರೀಯವರು ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರು. ಅವರ ಅಡಿಗೆಮನೆ ನಡೆದದ್ದು ಸಂಬಳದಿಂದ. ಯಂತ್ರ ಅಂಥವರನ್ನು ಏನೂ ಮಾಡದು. ಅದು ಕೈಯಿಟ್ಟಿರುವುದು ಪಂಪ್‌ಸೆಟ್ಟು ಮಾತ್ರೆಗಳ ನಮ್ಮ ಪಂಕ್ತಿಗೆ.

ಹೋಗಲಿ, ನನ್ನದಾಯಿತು. ಮನೆಯ ಸಾಲ ತೀರಿದೆ, ಮಗ ತನ್ನ ಪಾಡಿಗೆ ತಾನು ದುಡಿಯುತ್ತಿದ್ದಾನೆ. ನಿದ್ದೆ ಕೆಡಿಸಿರುವುದು ನಮ್ಮ ಅಣ್ಣನ ಮಗಳು. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಹೋದ ಜೂನಿನಲ್ಲಿ ಬಂದು ‘ಚಿಕ್ಕಪ್ಪ, ನನಗೂ ನಿಮ್ಮ ಕೆಲಸ ಹೇಳಿಕೊಡಿ’ ಎಂದಳು. ನಾನು ‘ಬೇಡ ಕಣಮ್ಮ’ ಎಂದೆ. ಎರಡು ದಿನ ಬಿಟ್ಟು ಮತ್ತೆ ಕೇಳಿದಳು. ಕನ್ನಡ ಚೆನ್ನಾಗಿದೆ, ಇಂಗ್ಲಿಷ್ ಚೆನ್ನಾಗಿದೆ, ಹಟವೂ ಚೆನ್ನಾಗಿದೆ. ಯಂತ್ರವನ್ನು ಕಂಡರೆ ಅವಳಿಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. ‘ಅದು ಮೊದಲು ಬರೆಯಲಿ ಬಿಡಿ, ಆಮೇಲೆ ನಾನು ನೋಡ್ತೀನಿ’ ಎನ್ನುತ್ತಾಳೆ.

ನೋಡುವುದಕ್ಕೆ ಮೊದಲು ಕಣ್ಣು ಬರಬೇಕಲ್ಲ! ನನಗೆ ಆ ಕಣ್ಣು ಬಂದದ್ದು ಎಸ್. ಪಿ. ರೋಡಿನಲ್ಲಿ, ಕಾಫಿ ಹೋಟೆಲಿನ ಮಾಣಿಯ ಮುಂದೆ, ಹತ್ತು ವರ್ಷ ಸಣ್ಣಪುಟ್ಟ ಕಾಗದಗಳನ್ನು ಬರೆದು ಬರೆದು. ಆ ಸಣ್ಣಪುಟ್ಟ ಕಾಗದಗಳೇ ಈಗ ಯಂತ್ರದ ಪಾಲು. ತಿದ್ದುವವರು ಬೇಕು ಎಂದು ಎಲ್ಲ ಏಜೆನ್ಸಿಯವರೂ ಹೇಳುತ್ತಾರೆ, ಅನುಭವ ಹತ್ತು ವರ್ಷವಿರಲಿ ಎನ್ನುತ್ತಾರೆ. ಆ ಹತ್ತು ವರ್ಷವನ್ನು ಎಲ್ಲಿ ಕಳೆಯಬೇಕು ಎಂಬುದಕ್ಕೆ ಅವರ ಹತ್ತಿರ ವಿಳಾಸವಿಲ್ಲ. ನನ್ನ ವಯಸ್ಸಿನವರು ಇರುವಷ್ಟು ದಿನ ಈ ಏರ್ಪಾಡು ನಡೆಯುತ್ತದೆ. ಆಮೇಲೆ ಎಡಗಡೆ ಬಲಗಡೆ ಎರಡನ್ನೂ ಬೆರಳಿಟ್ಟು ಓದುವವರು ಯಾರು?

ಕೊನೆಗೆ ನಾನೊಂದು ಉಪಾಯ ಮಾಡಿದೆ. ಹನಿ ನೀರಾವರಿಯ ಒಂದು ಹಳೆಯ ಇಂಗ್ಲಿಷ್ ಕೈಪಿಡಿಯನ್ನು ಅವಳ ಮುಂದಿಟ್ಟು, ‘ಯಂತ್ರವನ್ನು ಮುಟ್ಟದೆ ಇದನ್ನು ಕನ್ನಡ ಮಾಡು. ಪದಕ್ಕೆ ಒಂದು ರೂಪಾಯಿ, ನಾನೇ ಕೊಡುತ್ತೇನೆ’ ಎಂದೆ. ಮನೆಯಾಕೆ ಒಳಗಿಂದ, ‘ಯಾರೂ ಕೇಳದ ಅನುವಾದಕ್ಕೆ ಕೈಯಿಂದ ದುಡ್ಡು ಕೊಡೋರನ್ನ ಇವತ್ತೇ ನೋಡಿದ್ದು’ ಎಂದಳು. ಹುಡುಗಿ ಮಂಡ್ಯದ ಹತ್ತಿರ ಸೋದರಮಾವನ ತೋಟಕ್ಕೆ ಹೋಗಿ ಮೂರು ದಿನ ಇದ್ದು ಬಂದಳು. ಬಂದಮೇಲೆ, ‘ಚಿಕ್ಕಪ್ಪ, ಪೈಪಿನ ತೂತು ಮುಚ್ಚಿಹೋದರೆ ಅಲ್ಲಿ ಯಾರೂ ಮುಚ್ಚಿದೆ ಅನ್ನಲ್ಲ, ಕಟ್ಟಿಕೊಂಡಿದೆ ಅಂತಾರೆ’ ಎಂದಳು. ಮೇಷ್ಟ್ರು ಇದ್ದಿದ್ದರೆ ಕೆಳಗಿನಿಂದ ಕಾಫಿ ತರಿಸುತ್ತಿದ್ದರು.

ಅದಾದ ಮೇಲೆ ತಿದ್ದುವುದಕ್ಕೆಂದು ನನಗೆ ಬಂದಿದ್ದ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ನಮ್ಮ ಮನೆಯ ಪಾತ್ರೆ ತೊಳೆಯುವಾಕೆಗೆ ಓದಿ ಹೇಳಿದಳು. ಆಕೆಯ ತಾಯಿಗೂ ಪೊರೆ ಬಂದಿದೆ. ಆಕೆ ಪೂರ್ತಿ ಕೇಳಿ, ‘ಏನಕ್ಕಾ, ಅಪಾಯ ಐತೆ ಅಂತ ಏಳ್ತಾವ್ರೋ, ಇಲ್ಲ ಅಂತ ಏಳ್ತಾವ್ರೋ?’ ಎಂದಳು. ವಾಕ್ಯದಲ್ಲಿ ತಪ್ಪಿರಲಿಲ್ಲ. ಎರಡು ‘ಆದಾಗ್ಯೂ’ಗಳ ನಡುವೆ ಅಪಾಯ ಸಿಕ್ಕಿಕೊಂಡಿತ್ತು. ಹುಡುಗಿ ಅದನ್ನು ಒಡೆದು ಮೂರು ವಾಕ್ಯ ಮಾಡಿದಳು: ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಅಪರೂಪಕ್ಕೆ ಕಣ್ಣು ಕೀವಾಗಬಹುದು. ಹಾಗಾದರೆ ದೃಷ್ಟಿ ಹೋಗಲೂಬಹುದು. ಪಾತ್ರೆಯಾಕೆ ‘ಈಗ ತಿಳೀತು’ ಎಂದು ಎದ್ದಳು.

ಕಳಿಸುವ ಮೊದಲು ಅವಳು ಕೊನೆಯ ಹಾಳೆಯನ್ನು ನನಗೆ ತೋರಿಸಿದಳು. ಈ ಅನುವಾದ ಮೂಲಕ್ಕೆ ನಿಷ್ಠವಾಗಿದೆಯೆಂದು ದೃಢೀಕರಿಸುತ್ತೇನೆ ಎಂಬ ಒಕ್ಕಣೆ. ಅದರ ಕೆಳಗೆ ‘ಅನುವಾದಕರ ರುಜು’ ಎಂದು ಗೆರೆ. ‘ದುಡ್ಡು ಕೊಡುವಾಗ ತಿದ್ದುವವರು, ರುಜು ಹಾಕುವಾಗ ಅನುವಾದಕರು. ಇದು ಯಾವ ಲೆಕ್ಕ ಚಿಕ್ಕಪ್ಪ?’ ಎಂದಳು. ಮೂವತ್ತು ವರ್ಷದಲ್ಲಿ ಆ ಗೆರೆಯ ಮೇಲೆ ಸಾವಿರ ಸಲ ಹೆಸರು ಬರೆದಿದ್ದೇನೆ. ಪದದ ಕೂಲಿಯಲ್ಲಿ ಅರ್ಧ ಆ ಹೆಸರಿಗೇ ಎಂದು ನನ್ನ ತಿಳುವಳಿಕೆಯಾಗಿತ್ತು. ಏಜೆನ್ಸಿಗೆ ಕಾಗದ ಬರೆದೆ: ನಾನು ರುಜು ಹಾಕಬೇಕಾದ ಕಡೆ ಅನುವಾದದ ಪೂರ್ತಿ ದರ ಕೊಡಿ, ತಿದ್ದುವ ದರವೇ ಆಗಬೇಕೆಂದರೆ ಅನುವಾದಕರ ಗೆರೆಯ ಮೇಲೆ ಯಂತ್ರದ ಹೆಸರು ಬರೆದುಕೊಳ್ಳಿ, ನಾನು ಪಕ್ಕದಲ್ಲಿ ತಿದ್ದಿದವನೆಂದು ರುಜು ಹಾಕುತ್ತೇನೆ.

ಉತ್ತರ ಮೂರನೆಯ ದಿನ ಬಂತು. ಒಪ್ಪಿಗೆ ಪತ್ರಗಳು, ಔಷಧದ ಕಾಗದಗಳು, ಇವೆರಡಕ್ಕೆ ಮಾತ್ರ ಪದಕ್ಕೆ ಒಂದು ರೂಪಾಯಿ. ಉಳಿದದ್ದಕ್ಕೆಲ್ಲ ಮೊದಲಿನ ದರವೇ. ಅನುವಾದಕರ ರುಜು ಎಲ್ಲದಕ್ಕೂ ಬೇಕು. ಒಪ್ಪಿಗೆಯಾದರೆ ಈ ತಿಂಗಳ ಇಪ್ಪತ್ತರೊಳಗೆ ತಿಳಿಸತಕ್ಕದ್ದು. ಹುಡುಗಿ ಒಪ್ಪಬೇಡಿ ಎನ್ನುತ್ತಾಳೆ. ಮನೆಯಾಕೆ ಒಪ್ಪಿಕೊಳ್ಳಿ ಎನ್ನುತ್ತಾಳೆ. ಇವತ್ತು ಹದಿನಾರು. ಹನಿ ನೀರಾವರಿಯ ಕೊನೆಯ ನಾಲ್ಕು ಪುಟ ಮೇಜಿನ ಮೇಲಿದೆ. ಅದರ ಪದಗಳನ್ನು ಎಣಿಸಿ ಅವಳ ಲೆಕ್ಕ ಚುಕ್ತಾ ಮಾಡಬೇಕು.